ಹೊಗೆ ಪೆಟ್ಟಿಗೆಯ ಮಾಡಿಫಿಕೇಶನ್ನು

ಹೋದ ತಿಂಗಳು ಒಂದು ಭಾನುವಾರ ನಮ್ಮ ಲೈನಿನ ಕಂಬದ ಫ್ಯೂಸ್ ಹೋಯಿತು. ಕಾರಣ ಹಂದಿಮಾಂಸ.

ನಮ್ಮ ಕಡೆ ಫ್ಯೂಸ್ ಹೋಗಲು ಗಾಳಿ, ಸಿಡಿಲು, ಮರದ ಕೊಂಬೆ ಅಂತ ಮರ್ಯಾದಸ್ಥ ಕಾರಣಗಳು ಬೇಕಾದಷ್ಟಿವೆ. ಹಾಗಾಗಿ ಲೈನ್‌ಮ್ಯಾನ್ ಬಂದು "ಏನು ಹಾಕಿದ್ರಿ ಸಾರ್?" ಅಂತ ಕೇಳಿದಾಗ ನನಗೆ ಹಂದಿಮಾಂಸ ಅನ್ನಲು ನಾಚಿಕೆಯಾಯಿತು. "ಅಡುಗೆ" ಅಂದೆ. ಅವರು ನನ್ನ ಮಸಿ ಹಿಡಿದ ಮುಖ ನೋಡಿ, ಇನ್ನೇನೂ ಕೇಳದೆ ಕಂಬ ಹತ್ತಿದರು.

ವಿಷಯ ಶುರುವಾದದ್ದು ಹೋದ ವರ್ಷ. ನನ್ನ ಹೆಂಡತಿ ಸುಶೀಲಳಿಗೆ ಉಬ್ಬಸ. ಚಿಕ್ಕಮಗಳೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಸೌದೆ ಒಲೆ ಬೇಕೋ, ಶ್ವಾಸಕೋಶ ಬೇಕೋ, ನೀವೇ ನಿರ್ಧಾರ ಮಾಡಿ" ಅಂದರು. ಮನೆಗೆ ಬಂದವರೇ ಒಲೆ ಒಡೆಸಿದೆವು.

ಒಲೆ ಹೋದರೆ ಹೋಗಲಿ, ಗ್ಯಾಸ್ ಇದೆಯಲ್ಲ. ಆದರೆ ಒಲೆಯ ಮೇಲೊಂದು ಅಟ್ಟ ಇತ್ತು. ಉಪ್ಪು ಅರಿಶಿನ ಹಚ್ಚಿದ ಹಂದಿಮಾಂಸ ಅಲ್ಲಿ ಹೊಗೆ ಕುಡಿಯುತ್ತಾ ವಾರಗಟ್ಟಲೆ ತೂಗಾಡುತ್ತಿತ್ತು. ಮಳೆ ಹಿಡಿಯುವ ಮೊದಲು ಸುಶೀಲ ಅದನ್ನು ಪೊಟ್ಟಣ ಕಟ್ಟಿ ಅಕ್ಕತಂಗಿಯರಿಗೆಲ್ಲ ಕಳಿಸುತ್ತಿದ್ದಳು. ಅವಳ ಹೊಗೆಮಾಂಸ ಬರದೆ ಆ ಮನೆಗಳಲ್ಲಿ ಮಳೆಗಾಲ ಶುರುವಾಗುತ್ತಿರಲಿಲ್ಲ.

ಹೋದ ವರ್ಷ ಯಾರಿಗೂ ಏನೂ ಹೋಗಲಿಲ್ಲ. ಸುಶೀಲ ಊಟ ಬಡಿಸುತ್ತಾ "ಗ್ಯಾಸಿನ ಅಡುಗೆ, ಹೇಗಿದೆಯೋ ಏನೋ" ಅನ್ನುತ್ತಿದ್ದಳು. ಪ್ರತಿ ಊಟಕ್ಕೂ. (ಇದನ್ನು ದಿನವೂ ಕೇಳಿ ನೋಡಿ. ಜಗಳವೇ ವಾಸಿ ಅನ್ನಿಸುತ್ತದೆ.)

ನಮ್ಮದು ಬಣಕಲ್ ಹತ್ತಿರ ಸಣ್ಣ ಕಾಫಿ ತೋಟ. ಕಾಫಿ ರೇಟು ಬಿದ್ದ ಮೇಲೆ ಎರಡು ರೂಮು ಹೋಂಸ್ಟೇ ಮಾಡಿದ್ದೇವೆ. ಅಲ್ಲಿಗೆ ಆಗಾಗ ಬರುತ್ತಿದ್ದ ಲಾರ್ಸ್ ಅನ್ನೋ ನಾರ್ವೆಯ ಇಂಜಿನಿಯರ್‌ಗೆ ಸುಶೀಲಳ ಹೊಗೆಮಾಂಸ ಅಂದರೆ ಪ್ರಾಣ. ಒಲೆ ಒಡೆದ ಸುದ್ದಿ ಕೇಳಿ, ಯಾರೋ ತೀರಿಕೊಂಡರೇನೋ ಅನ್ನುವಂತೆ ಸುಶೀಲಳಿಗೆ ಸಂತಾಪ ಹೇಳಿದ. ಕೆಲಸ ಮುಗಿದು ದೇಶಕ್ಕೆ ಹೊರಟಾಗ ತನ್ನ ಎಲೆಕ್ಟ್ರಿಕ್ ಸ್ಮೋಕರ್ ತಂದು ನಮ್ಮ ಜಗಲಿಯಲ್ಲಿ ಇಳಿಸಿ ಹೋದ.

ಸಣ್ಣ ಫ್ರಿಜ್ಜಿನಂಥ ಪೆಟ್ಟಿಗೆ. ಗಾಜಿನ ಬಾಗಿಲು. ತಳದಲ್ಲಿ ಕಾಯಿಲ್, ಅದರ ಮೇಲೆ ಮರದ ಚೂರು ಹಾಕುವ ತಟ್ಟೆ, ಮೇಲೆ ಮಾಂಸ ನೇತುಹಾಕಲು ಕೊಕ್ಕೆ. ಕಾಯಿಲ್ ಕಾದರೆ ಚೂರು ಹೊಗೆಯಾಡುತ್ತದೆ, ಹೊಗೆಯಾಡಿದರೆ ಮಾಂಸ ಹದವಾಗುತ್ತದೆ. ನಾರ್ವೆಯಲ್ಲಿ.

ನಮ್ಮಲ್ಲಿ ಟ್ಯೂಬ್‌ಲೈಟೇ ಹತ್ತಲೋ ಬೇಡವೋ ಅಂತ ಯೋಚಿಸುವ ವೋಲ್ಟೇಜು. ಕಾಯಿಲ್ ಕೆಂಪಾಗಲೇ ಇಲ್ಲ. ಚೂರು ಹೊಗೆಯಾಡಲಿಲ್ಲ. ಬೆಳಿಗ್ಗೆ ಇಟ್ಟ ಮಾಂಸ ಸಂಜೆ ತೆಗೆದಾಗ ಬೆವೆತು ಬಿಳುಚಿಕೊಂಡಿತ್ತು.

ಸುಶೀಲ ನೋಡಿ, "ಇದಕ್ಕೆ ಹೊಗೆ ಹಿಡಿದಿಲ್ಲ ರೀ, ಜ್ವರ ಬಂದಿದೆ" ಅಂದಳು.

ಪಕ್ಕದ ತೋಟದ ನಾಗೇಶನನ್ನು ಕರೆಸಿದೆ. ತಾನು ಕೈ ಇಡದ ಯಂತ್ರ ಇರಬಾರದು ಅನ್ನುವ ಜಾತಿ ಅವನದು. "ಕಾಯಿಲ್ ಸಾಲದು ಮಾರಾಯ, ಇನ್ನೊಂದು ಹಾಕಿದ್ರೆ ಆಯ್ತು" ಅಂದ. ಹಳೇ ಕರೆಂಟ್ ಒಲೆಯ ಕಾಯಿಲ್ ಬಿಚ್ಚಿ ತಂದ. ಇಬ್ಬರೂ ಸೇರಿ ಭಾನುವಾರ ಪೆಟ್ಟಿಗೆಯನ್ನು ಅಂಗಳಕ್ಕಿಳಿಸಿ, ಈ ಕಾಯಿಲನ್ನೂ ಅದರೊಳಗೆ ಕೂರಿಸಿ, ಹೊಸ ಮಾಂಸ ನೇತುಹಾಕಿದೆವು.

ಭಾನುವಾರ ಅಂದರೆ ಸುತ್ತಲ ತೋಟಗಳಲ್ಲಿ ಮೋಟರು ಓಡುವುದಿಲ್ಲ. ಮಧ್ಯಾಹ್ನ, ಹೇಳದೆ ಕೇಳದೆ, ಪೂರ್ತಿ ವೋಲ್ಟೇಜ್ ಬಂತು. ಎರಡು ಕಾಯಿಲ್ಲೂ ಕೆಂಡದ ಹಾಗೆ ಹೊಳೆದವು. ತಟ್ಟೆಯ ಚೂರಿಗೆ ಬೆಂಕಿ ಹತ್ತಿತು, ಮಾಂಸದ ಕೊಬ್ಬು ಅದರ ಮೇಲೆ ಸುರಿಯಿತು, ಢಬ್ ಅಂತ ಫ್ಯೂಸ್ ಹೋಯಿತು. ನಾಗೇಶನ ಮನೆಯ ಕರೆಂಟೂ ಹೋಯಿತು. "ನೋಡಿದ್ಯಾ, ಹೀಟ್ ಬಂತು" ಅಂದ ಅವನು.

ನಗುವ ವಿಷಯ ಅಲ್ಲಿಗೆ ಮುಗಿಯಿತು. ಜಗಲಿಯಲ್ಲಿ ಕೂತಿದ್ದ ಸುಶೀಲ, ಅಷ್ಟೂ ಮಾಂಸ ಸುಡುತ್ತಿರುವುದನ್ನು ನೋಡಲಾರದೆ ಓಡಿ ಬಂದು ಬಾಗಿಲು ತೆಗೆದುಬಿಟ್ಟಳು. ಕರಿ ಹೊಗೆ ನೇರ ಅವಳ ಮುಖಕ್ಕೆ. ಅಲ್ಲೇ ಕುಸಿದು ಕೂತಳು. ಇನ್‌ಹೇಲರ್ ಸಾಲಲಿಲ್ಲ. ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳ ಉಸಿರಿನ ಸಿಳ್ಳೆ ಜೀಪಿನ ಸದ್ದಿಗಿಂತ ಜೋರಾಗಿ ಕೇಳುತ್ತಿತ್ತು.

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಔಷಧ ಕೊಟ್ಟರು. ಉಸಿರು ಮೆಲ್ಲಗೆ ಹಳಿಗೆ ಬಂತು. ವಾಪಸ್ ಬರುವಾಗ ನಾನೇ ಅಂದೆ, "ಆ ದರಿದ್ರ ಪೆಟ್ಟಿಗೆ ನಾಳೆ ಗುಜರಿಗೆ ಹಾಕ್ತೀನಿ."

ಅವಳು ಸಣ್ಣ ದನಿಯಲ್ಲಿ, "ಅಟ್ಟದಲ್ಲಿ ಬೆಂಕಿ ಇತ್ತೇನ್ರಿ?" ಅಂದಳು.

"ಇಲ್ಲ."

"ಬೆಂಕಿ ಕೆಳಗಿತ್ತು. ಮೇಲೆ ಬರೋ ಹೊತ್ತಿಗೆ ಹೊಗೆ ತಣ್ಣಗಾಗಿರೋದು. ನೀವು ಬೆಂಕಿ, ಮಾಂಸ ಎರಡನ್ನೂ ಒಂದೇ ಪೆಟ್ಟಿಗೇಲಿ ಯಾಕೆ ತುಂಬ್ತೀರಿ? ಹೊಗೆ ಹೊರಗೆ ಮಾಡಿ, ಒಳಗೆ ಕಳಿಸಿ."

ಆಸ್ಪತ್ರೆಯಿಂದ ಬರುತ್ತಿರುವವಳು ಹೊಗೆಯ ಬಗ್ಗೆ ಸಲಹೆ ಕೊಟ್ಟರೆ ಏನು ಮಾಡಬೇಕು? ನಾನು ಆಗುವುದಿಲ್ಲ ಅಂದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಆಮೇಲೆ ಮೂರು ದಿನ "ಗ್ಯಾಸಿನ ಅಡುಗೆ" ಅಂತ ಕೂಡ ಅನ್ನಲಿಲ್ಲ. ನಾಲ್ಕನೇ ದಿನ ನಾನೇ ಸೋತೆ. ಒಂದೇ ಷರತ್ತು ಹಾಕಿದೆ: ಅವಳು ಜಗಲಿ ಬಿಟ್ಟು ಇಳಿಯಕೂಡದು.

ಪೆಟ್ಟಿಗೆಯನ್ನು ಕಾಫಿ ಒಣಗಿಸುವ ಕಣದ ಆಚೆ ತುದಿಗೆ, ಗಾಳಿ ಮನೆಯ ಕಡೆ ಬೀಸದ ಜಾಗಕ್ಕೆ ಸಾಗಿಸಿದೆವು. ಹೆಚ್ಚುವರಿ ಕಾಯಿಲ್ ಕಿತ್ತು ಹಾಕಿದೆವು. ದೊಡ್ಡ ಬಿಸ್ಕತ್ತಿನ ಡಬ್ಬಕ್ಕೆ ಗಾಳಿಯಾಡಲು ತೂತು ಕೊರೆದು, ಒಣಗಿದ ಕಾಫಿ ಗಿಡದ ಚೂರು ತುಂಬಿ, ಎರಡು ಕೆಂಡ ಹಾಕಿ ಮುಚ್ಚಿದೆವು. ಡಬ್ಬದಿಂದ ಪೆಟ್ಟಿಗೆಯ ತಳಕ್ಕೆ ಮಾರುದ್ದದ ತಗಡಿನ ಕೊಳವೆ. ಹೊಗೆ ಎಳೆಯಲು ಪೆಟ್ಟಿಗೆಯ ನೆತ್ತಿಗೆ ಇನ್ನೊಂದು ಗಿಡ್ಡ ಕೊಳವೆ. ಕಾಯಿಲ್‌ಗೆ ಈಗ ಮಾಂಸವನ್ನು ಬೆಚ್ಚಗಿಡುವುದಷ್ಟೇ ಕೆಲಸ. ಅದಕ್ಕೆ ನಮ್ಮ ಬಡಕಲು ವೋಲ್ಟೇಜು ಹೇಳಿ ಮಾಡಿಸಿದಂತಿತ್ತು. (ವಿದ್ಯುತ್ ಇಲಾಖೆಯನ್ನು ನಾನು ಹೊಗಳುತ್ತಿರುವುದು ಇದೇ ಮೊದಲು.)

ಗೆಸ್ಟುಗಳಿಗೆ ಹಕ್ಕಿ ನೋಡಲು ಇಟ್ಟಿದ್ದ ಬೈನಾಕ್ಯುಲರಿನಲ್ಲಿ ಸುಶೀಲ ಜಗಲಿಯಿಂದ ಹಂದಿಮಾಂಸ ನೋಡುತ್ತಿದ್ದಳು. ಕೂಗಿ ಹೇಳುವಷ್ಟು ಉಸಿರಿಲ್ಲ. ಹಾಗಾಗಿ ಪಕ್ಕದಲ್ಲಿ ಒಂದು ಸ್ಟೀಲ್ ತಟ್ಟೆ, ಸೌಟು. ಒಂದು ಪೆಟ್ಟು ಬಿದ್ದರೆ ಹೊಗೆ ಜಾಸ್ತಿ ಮಾಡಬೇಕು, ಎರಡು ಬಿದ್ದರೆ ಕಡಿಮೆ. ಟೊಣ್ ಅಂದರೆ ನಾಗೇಶ ಓಡುತ್ತಿದ್ದ, ಟೊಣ್ ಟೊಣ್ ಅಂದರೆ ನಾನು. ಮಾಂಸದ ಬಣ್ಣ ದಿನದಿಂದ ದಿನಕ್ಕೆ ಜೇನಿನಂತೆ ತಿರುಗಿತು.

ಕೊನೆಗೆ ಒಂದು ತುಂಡನ್ನು ಹುರಿದು ಅವಳ ಮುಂದೆ ಇಟ್ಟೆವು. ನಿಧಾನ ಅಗಿದಳು. ನಾಗೇಶ ಪರೀಕ್ಷೆ ಬರೆದ ಹುಡುಗನ ಹಾಗೆ ನಿಂತಿದ್ದ.

"ಪರವಾಗಿಲ್ಲ" ಅಂದಳು. ಮತ್ತೆ ಒಂದು ತುಂಡು ತೆಗೆದುಕೊಂಡಳು. ಆಮೇಲೆ ಎದ್ದು ಹೋಗಿ ಪೊಟ್ಟಣ ಕಟ್ಟಲು ಹಳೇ ಪೇಪರು ಹುಡುಕತೊಡಗಿದಳು. ನನಗೆ ಅಷ್ಟು ಸಾಕಿತ್ತು.

ತನ್ನ ಪಾಲಿನ ಪೊಟ್ಟಣ ಒಯ್ಯಲು ಆಲ್ದೂರಿನಿಂದ ಅವಳ ಅಕ್ಕನೇ ಮೊನ್ನೆ ಬಂದಿದ್ದರು. ಆ ಹೊತ್ತಿಗೆ ನಾನು, ನಾಗೇಶ, ಜೊತೆಗೆ ಆ ಲೈನ್‌ಮ್ಯಾನ್ (ದಾರಿಯಲ್ಲಿ ಹೋಗುತ್ತಿದ್ದವರು, ಹೇಗಿದೆ ನೋಡೋಣ ಅಂತ ಬಂದಿದ್ದರು) ಪೆಟ್ಟಿಗೆಯ ಸುತ್ತ ನಿಂತು, ಕೊಳವೆಯನ್ನು ಇನ್ನೊಂದಿಷ್ಟು ಉದ್ದ ಮಾಡಿದರೆ ಹೇಗೆ ಅಂತ ಗಹನವಾಗಿ ಚರ್ಚಿಸುತ್ತಿದ್ದೆವು.

ಅಕ್ಕ ಜಗಲಿಯಲ್ಲಿ ನಿಂತು ನಮ್ಮನ್ನು ಬಹಳ ಹೊತ್ತು ನೋಡಿದರು. "ಅಲ್ವೇ ಸುಶೀಲ, ಇಷ್ಟು ವರ್ಷ ನೀನು ಒಲೆ ಮುಂದೆ ಕೆಮ್ಮುತ್ತಾ ಇದನ್ನೇ ಮಾಡ್ತಿದ್ದಾಗ ಈ ಗಂಡಸರೆಲ್ಲ ಎಲ್ಲಿದ್ರು?"

ಸುಶೀಲ ಬೈನಾಕ್ಯುಲರ್ ಒರೆಸುತ್ತಾ ಹೇಳಿದಳು: "ಒಲೆಗೆ ಪ್ಲಗ್ ಇರಲಿಲ್ಲ ಕಣಕ್ಕ."