ದೊಡ್ಡತ್ತೆಯ ಬೆಲ್ಲದ ಗಂಟು

ನಮ್ಮ ಹೊಸ ರೈಲು ನಿಲ್ದಾಣದ ಬಾಗಿಲಲ್ಲಿ ಇಸ್ತ್ರಿಯವನೊಬ್ಬ ತಳ್ಳುಗಾಡಿ ಹಾಕಿಕೊಂಡಿದ್ದಾನೆ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಕೆಂಡವನ್ನು ನೆಲಕ್ಕೆ ಸುರಿದು ನೀರು ಚಿಮುಕಿಸಿದನೆಂದರೆ ಸುಯ್ಯೆಂದು ಒದ್ದೆ ಇದ್ದಿಲಿನ ವಾಸನೆ ಏಳುತ್ತದೆ. ಹೋಗುವವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಟಿಕೆಟ್ ತೆಗೆದುಕೊಳ್ಳುವುದನ್ನೂ ಮರೆತು ನಿಂತುಬಿಡುತ್ತೇನೆ. ಅವನ ಗಾಡಿ ಇರುವ ಜಾಗದಲ್ಲೇ ನಮ್ಮ ಮನೆಯ ಅಂಗಳವಿತ್ತು. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಇದೇ ವಾಸನೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ; ಅದು ಬಂದಾಗ ಕಾಲು ತಾನಾಗಿಯೇ ನಿಲ್ಲುತ್ತದೆ.

ನಾಯಂಡಹಳ್ಳಿಯ ಗೋಡೌನುಗಳ ಹಿಂದೆ, ರೈಲು ಹಳಿಯ ಪಕ್ಕದಲ್ಲೇ ಇದ್ದ ಹೆಂಚಿನ ಮನೆ ಅದು. ಅಪ್ಪ ಹತ್ತಿರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅಪ್ಪನ ತಾಯಿ, ನಮ್ಮ ಅಜ್ಜಿ, ಮತ್ತು ಮದುವೆಯೇ ಬೇಡವೆಂದು ಅವಳ ಜೊತೆಗೇ ಉಳಿದ ಚಿಕ್ಕತ್ತೆ ಕಾರ್ಖಾನೆಯವರಿಗೆ ಊದುಬತ್ತಿ ಹೊಸೆದು ಕೊಡುತ್ತಿದ್ದರು. ಇದ್ದಿಲ ಪುಡಿಗೆ ಅಂಟಿನ ಪುಡಿ ಬೆರೆಸಿ ನಾದಿ, ಒಂದು ಚೂರು ಮಣೆಯ ಮೇಲಿಟ್ಟು, ಬಿದಿರು ಕಡ್ಡಿಯ ಸಮೇತ ಅಂಗೈಯಿಂದ ಸರ್ರನೆ ಉರುಳಿಸಿದರೆ ಒಂದು ಬತ್ತಿ. ಸೆಂಟು ಹಾಕುವುದು ಕಾರ್ಖಾನೆಯ ಕೆಲಸ. ಹೀಗಾಗಿ ಊರ ದೇವರಿಗೆಲ್ಲ ಪರಿಮಳ ಕಳಿಸುವ ನಮ್ಮ ಮನೆಯಲ್ಲಿ ಪರಿಮಳವೇ ಇರುತ್ತಿರಲಿಲ್ಲ. ಅಂಗಳದ ತುಂಬ ಹಸಿ ಬತ್ತಿ ಹರಡಿರುತ್ತಿತ್ತು. ರೈಲಿನ ಕೂಗು ಕೇಳಿದ ಕೂಡಲೇ ಮನೆಯವರೆಲ್ಲ ಓಡಿ ಅದರ ಮೇಲೆ ಹಳೆಯ ಸೀರೆಗಳನ್ನು ಹೊದಿಸಬೇಕು. ಇಲ್ಲದಿದ್ದರೆ ಗಾಡಿ ಎಬ್ಬಿಸುವ ಧೂಳೆಲ್ಲ ಬತ್ತಿಗೆ ಮೆತ್ತಿಕೊಳ್ಳುತ್ತಿತ್ತು. ಮಂಗಳಾರತಿಗೆ ಏಳದ ಅಪ್ಪನೂ ರೈಲಿಗೆ ಏಳುತ್ತಿದ್ದ.

ಚಿಕ್ಕತ್ತೆಯ ಅಕ್ಕ, ಮಂಡ್ಯದ ಕಡೆಗೆ ಮದುವೆಯಾಗಿ ಹೋಗಿದ್ದ ನಮ್ಮ ದೊಡ್ಡತ್ತೆ, ತವರಿಗೆ ಬರುತ್ತಿದ್ದದ್ದು ಆ ರೈಲಿನಲ್ಲೇ. ಗಾಡಿ ಮನೆಯ ಮುಂದೆಯೇ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಅವಳು ಸಿಟಿ ಸ್ಟೇಷನ್ನಿನಲ್ಲಿ ಇಳಿದು, ಬಸ್ಸು ಹಿಡಿದು, ಬಂದ ದಾರಿಯಲ್ಲೇ ವಾಪಸ್ಸು ಬರಬೇಕು. ನಮ್ಮ ಮನೆಗಿಂತ ಮೊದಲೇ ಸಿಗುವ ಕೆಂಗೇರಿಯಲ್ಲೇ ಇಳಿಯಬಾರದೇ ಎಂದರೆ, "ಅಲ್ಲಿಳಿದ್ರೆ ರೈಲಿಂದ ನಿಮ್ಮನ್ನೆಲ್ಲ ನೋಡೋದು ತಪ್ಪೋಗುತ್ತಲ್ಲೋ" ಎನ್ನುತ್ತಿದ್ದಳು. ಬೆಲ್ಲದ ಗಂಟನ್ನು ಬಸ್ಸಿನಲ್ಲಿ ಹೊರುವ ಕಷ್ಟ ಬೇಡವೆಂದು, ಮನೆ ಕಾಣುತ್ತಲೇ ಬಾಗಿಲಲ್ಲಿ ನಿಂತು ಅಂಗಳದ ಅಂಚಿಗೆ ಎಸೆದುಬಿಡುತ್ತಿದ್ದಳು. ಅವಳಿಗಿಂತ ಮೊದಲು ಅವಳ ಬೆಲ್ಲ ತವರು ಸೇರುತ್ತಿತ್ತು. ಒಮ್ಮೆ ಗುರಿ ತಪ್ಪಿ ಗಂಟು ಹಸಿ ಬತ್ತಿಗಳ ಮೇಲೆಯೇ ಬಿದ್ದು ಒಡೆಯಿತು. ಅವಳು ಬಸ್ಸಿಳಿದು ಬರುವವರೆಗೂ ಅಜ್ಜಿ ಕೋಪವನ್ನು ಆರಲು ಬಿಡದೆ ಕಾದಿದ್ದಳು. "ಕಣ್ಣೇನು ನೆತ್ತಿಗೆ ಹೋಗಿತ್ತೇನೇ ಮುಂಡೇದೇ!" ಎಂದು ಬೀದಿಗೆಲ್ಲ ಕೇಳುವಂತೆ ಬೈದು, ಆಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ಬೆಲ್ಲ ಅಂಟಿದ ಆ ಬತ್ತಿಗಳನ್ನು ಕಾರ್ಖಾನೆಗೆ ಕೊಡುವಂತಿರಲಿಲ್ಲ, ನಮ್ಮ ದೇವರಿಗೇ ಹಚ್ಚಿದೆವು. ಮನೆಯೆಲ್ಲ ಆಲೆಮನೆಯ ಹಾಗೆ ಘಮಘಮ. ಚಿಕ್ಕತ್ತೆ ಅಕ್ಕನ ಪಕ್ಕ ಕೂತು, "ಒಂದಿನ ಈ ಗಾಡಿ ಇಲ್ಲೇ ನಿಲ್ಲುತ್ತೆ ನೋಡ್ತಿರು, ನೀನು ನಮ್ಮ ಹೊಸಿಲಿಗೇ ಇಳೀತೀಯ" ಎಂದಳು. ಆ ಮಾತನ್ನು ಅವಳು ಎಂದೂ ಬಿಡಲಿಲ್ಲ.

ಅಜ್ಜಿ ಹೋದಳು. ಅಪ್ಪನೂ ಹೋದ. ನಿಲ್ದಾಣಕ್ಕೆ ನಮ್ಮ ಜಾಗ ಬೇಕೆಂದು ಅಧಿಕಾರಿಗಳು ಬಂದಾಗ ನಾನು ಹಿಂದೆ ಮುಂದೆ ನೋಡುತ್ತಿದ್ದೆ. ಚಿಕ್ಕತ್ತೆ ಒಂದೇ ಮಾತು ಕೇಳಿದಳು. "ಸಾರ್, ಗಾಡಿ ನಿಲ್ಲುತ್ತೆ ತಾನೇ?" ನಿಲ್ಲುತ್ತದೆ ಎಂದರು. ಮನೆ ಬಿಟ್ಟು ಬಾಪೂಜಿ ನಗರಕ್ಕೆ ಬಂದೆವು. ಹಳೆಯದೆಲ್ಲ ಚಿನ್ನ ಎನ್ನುವವನಲ್ಲ ನಾನು. ಮೋರಿಯ ನಾತ, ಗ್ಯಾರೇಜಿನ ಎಣ್ಣೆ ಹರಿದು ಜಾರುವ ದಾರಿ, ಸಂಜೆಯಾದರೆ ಕತ್ತಲು, ಎಲ್ಲವೂ ಅಲ್ಲಿತ್ತು. ಈಗ ಅಲ್ಲಿ ಅಗಲವಾದ ಕಾಲುದಾರಿ ಇದೆ, ದೀಪವಿದೆ, ಹೂವು ತರಕಾರಿ ಮಾರುವವರಿಗೆ ನೆರಳಿದೆ, ಪಾಳುಬಿದ್ದಿದ್ದ ಗೋಡೌನಿನಲ್ಲಿ ದರ್ಶಿನಿ ಬಂದಿದೆ, ಬಸ್ಸು ಬಾಗಿಲಿಗೇ ಬರುತ್ತದೆ. ನನಗೆ ಸಂತೋಷವೇ. ಆದರೆ ದೊಡ್ಡತ್ತೆ ಮಾತ್ರ ಬರಲೊಲ್ಲಳು. "ಅವ್ವಾನೂ ಇಲ್ಲ, ಮನೇನೂ ಇಲ್ಲ. ಸ್ಟೇಷನ್ನಿಗೆ ಯಾರಾದ್ರೂ ತವರು ಅಂತಾರೇನೇ?" ಎಂದು ಫೋನಿನಲ್ಲಿ ಹೇಳಿಬಿಟ್ಟಳು. ಅಕ್ಕ ಇಳಿಯಲೆಂದೇ ಮನೆ ಬಿಟ್ಟುಕೊಟ್ಟ ಚಿಕ್ಕತ್ತೆ ಅವತ್ತು ಊಟ ಮಾಡಲಿಲ್ಲ. ಗಾಡಿ ದಿನಾ ನಿಲ್ಲುತ್ತಿತ್ತು, ಇಳಿಯಬೇಕಾದವಳು ಇಳಿಯುತ್ತಿರಲಿಲ್ಲ.

ಕಳೆದ ಗೌರಿ ಹಬ್ಬಕ್ಕೆ ಚಿಕ್ಕತ್ತೆ ಮತ್ತೆ ಫೋನು ಮಾಡಿ, "ಬಾಗಿನದ ಮೊರ ಇಟ್ಕೊಂಡು ಪ್ಲಾಟ್‌ಫಾರ್ಮಲ್ಲೇ ಕೂತಿರ್ತೀನಿ. ತವರು ಬೇಕಾದ್ರೆ ಬಾ" ಎಂದು ಇಟ್ಟುಬಿಟ್ಟಳು. ಹೇಳಿದಂತೆಯೇ ಬೆಳಿಗ್ಗೆ ಹೋಗಿ ಕೂತಳು, ನಾನೂ ಹೋದೆ. ಗಾಡಿ ಬಂತು. ನಿಧಾನವಾಗುತ್ತಿದ್ದ ಡಬ್ಬಿಯ ಬಾಗಿಲಲ್ಲಿ, ಕಂಬಿ ಹಿಡಿದುಕೊಂಡು, ತಲೆಯೆಲ್ಲ ನರೆತ ದೊಡ್ಡತ್ತೆ! ಆ ಜಾಗ ಕಂಡದ್ದೇ ತಡ, ಅವಳ ಕೈ ತಾನಾಗಿ ಮೇಲೆದ್ದಿತು.

"ಎಸೀಬೇಡ ಕಣೇ ಅಕ್ಕಾ, ಗಾಡಿ ನಿಲ್ಲುತ್ತೇ!" ಎಂದು ಚಿಕ್ಕತ್ತೆ ಕೂಗುವಷ್ಟರಲ್ಲಿ ಗಂಟು ಹಾರಿ ಬಂದು ಹೊಸ ಗ್ರಾನೈಟಿನ ಮೇಲೆ ಬಿದ್ದು ಒಡೆಯಿತು. ಗಾಡಿ ನಿಂತಿತು. ನಾನು ಕೈ ಹಿಡಿದು ಇಳಿಸಿದೆ. ಅವಳು ಕಾಲಿನಿಂದ ನೆಲವನ್ನು ಒತ್ತಿ ನೋಡಿ, "ನಿಂತೇಬಿಡ್ತಲ್ಲೇ!" ಎಂದಳು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆಮೇಲೆ ಬಗ್ಗಿ ಬೆಲ್ಲದ ಚೂರು ಆಯತೊಡಗಿದರು. ಜನ ಸುತ್ತು ಹಾಕಿಕೊಂಡು ಹೋಗುತ್ತಿದ್ದರು, ಪ್ಲಾಟ್‌ಫಾರ್ಮಿನ ತುಂಬ ಬೆಲ್ಲದ ವಾಸನೆ. ಗಾಡಿ ಹೊರಟ ಮೇಲೆ ಇಬ್ಬರೂ ಕೈಯಲ್ಲಿ ಬೆಲ್ಲ ಹಿಡಿದುಕೊಂಡೇ, ನಮ್ಮ ಅಂಗಳವಿದ್ದ ಕಡೆಗೆ ತಲೆಯೆತ್ತಿ ನೋಡಿದರು. ಬೈಯುವುದಕ್ಕೆ ಅಜ್ಜಿ ಇರಲಿಲ್ಲ.