ಶಾಲೆಯ ಕಿಟಕಿಯ ಕೆಳಗೆ

ಇನ್ನೂ ಕೂಸಾದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಬ್ಬ ಹುಡುಗಿ ಐದನೇ ಇಯತ್ತೆಯ ತರಗತಿಯ ಬಾಗಿಲಲ್ಲಿ ನಿಂತಿದ್ದಳು. ಮೊಮ್ಮಗಳು ಮರೆತು ಹೋಗಿದ್ದ ಕಂಪಾಸ್ ಪೆಟ್ಟಿಗೆ ಕೊಡಲು ಬಂದಿದ್ದ ನಾನು ಆಕೆಯ ಹಿಂದೆಯೇ ನಿಂತೆ. ಹುಡುಗಿಯ ಹೆಸರು ಮೀರಾ. ಮಹಾರಾಷ್ಟ್ರದಿಂದ ನಮ್ಮ ರಾಯಬಾಗ ಕಡೆಗೆ ಕಬ್ಬು ಕಡಿಯಲು ಬಂದ ಗ್ಯಾಂಗಿನವರ ಮಗಳು.

"ಕೂಸು ಅತ್ರ ಉಳದವ್ರಿಗೆ ಪಾಠ ಕೇಳ್ಸೂದಿಲ್ಲವ್ವಾ. ಮೊದ್ಲ ಈ ವರ್ಗ ಓದೂದ್ರಾಗ ಹಿಂದೈತಿ. ಮನ್ಯಾಗ ಬಿಟ್ಟು ಬಾ," ಎಂದರು ಗುರುಗಳು.

ಅವರು ಬೈಯಲಿಲ್ಲ. ಆದರೆ ಮೀರಾ, "ಘರಿ ಕೋಣಿ ನಾಹಿ," ಮನೆಯಲ್ಲಿ ಯಾರೂ ಇಲ್ಲ ಎಂದು ಮರಾಠಿಯಲ್ಲಿ ಹೇಳಿ, ಚೀಲ ಹೆಗಲಿಗೇರಿಸಿ ಹೊರಟೇ ಬಿಟ್ಟಳು.

ಯಜಮಾನರು ತೀರಿಕೊಂಡ ಮೇಲೆ ನಾಲ್ಕು ಜನರ ಎದುರು ಬಾಯಿ ತೆರೆದವಳಲ್ಲ ನಾನು. ಅಂದು ಹೇಗೋ ಮಾತು ಹೊರಬಿತ್ತು. "ಕೂಸು ನನ್ನ ಕಡೆ ಇರಲ್ರಿ. ಹೊರಗ ಕಟ್ಟಿ ಮ್ಯಾಲ ಆಡಸ್ತೀನಿ."

ಗುರುಗಳು ನಕ್ಕರು. "ಇವತ್ತೇನೋ ಆತು. ನಾಳೆ ಯಾರು ಬರ್ತಾರ, ಆಯಿ?"

"ನಾನ ಬರ್ತೀನ್ರಿ."

ಕಬ್ಬಿನ ಹಂಗಾಮು ಮುಗಿಯುವವರೆಗೂ ಕಿಟಕಿಯ ಕೆಳಗೆ ಕೂಸನ್ನು ಆಡಿಸುತ್ತ ಕುಳಿತೆ. ಒಳಗೆ ಮೀರಾ ತಡವರಿಸುತ್ತ ಕನ್ನಡ ಓದುವುದು ಕೇಳಿಸುತ್ತಿತ್ತು. ಊರಿಗೆ ಮರಳುವ ದಿನ ಆಕೆ ಟ್ರ್ಯಾಕ್ಟರಿನ ಮೇಲಿಂದ, ಬಸ್ ನಿಲ್ದಾಣದ ಬಳಿಯ ಅಂಗಡಿಗಳ ಹೆಸರನ್ನು ಒಂದೊಂದಾಗಿ ಓದಿ ನನಗೆ ಕೂಗಿ ಹೇಳಿದಳು.

ಅಜ್ಜಿ ಕಲಿತದ್ದು ನಾಲ್ಕನೇ ಇಯತ್ತೆ ಎಂದು ಎಲ್ಲರಿಗೂ ಹೇಳುತ್ತೀರಲ್ಲ, ಮೊಮ್ಮಕ್ಕಳೇ, ಇನ್ನು ಮೇಲೆ ನಾಲ್ಕೂವರೆ ಎನ್ನಿ. ಐದನೆಯದರಲ್ಲಿ ಕೂಸು ಮಲಗಿದ್ದಾಗಿನ ಪಾಠಗಳೆಲ್ಲ ನನಗೆ ಚೆನ್ನಾಗಿ ನೆನಪಿವೆ.