ನಾನು ಕೇಳದೆ ಬರೆದ ಉತ್ತರ

ಫಾತಿಮಾ ಖಾಲಾ, ನಮ್ಮೂರಿಗೆ ಶುದ್ಧ ನೀರಿನ ಘಟಕ ಬರಲಿಲ್ಲವಲ್ಲ, ಅದಕ್ಕೆ ಕಾರಣ ಯೂನಿವರ್ಸಿಟಿಯವರಲ್ಲ, ಪಂಚಾಯಿತಿಯವರೂ ಅಲ್ಲ — ನಾನು. ಹಿಂದಿನ ಓಣಿಯ ಮಲ್ಲಮ್ಮ. ಮೂರು ವರ್ಷದಿಂದ ಈ ಮಾತು ನುಂಗಿಕೊಂಡು ನಿಮ್ಮ ಕಣ್ಣೆದುರೇ ಓಡಾಡಿದ್ದೇನೆ.

ಫ್ಲೋರೈಡಿನ ಬೋರ್ ನೀರು ಕುಡಿದು ಯಾರ್ಯಾರ ಕೀಲು ಹಿಡಿದಿವೆ ಎಂದು ತಿಳಿಯಲು ಯೂನಿವರ್ಸಿಟಿಯ ಮೇಡಂ ತಾವರಗೇರಾ ಸುತ್ತಿನ ಹಳ್ಳಿಗಳಿಗೆ ಬಂದಾಗ, ಊರಿನವರನ್ನೇ ಜತೆಗೆ ಸೇರಿಸಿಕೊಳ್ಳುತ್ತೇವೆ ಎಂದರು. ನೋವು ಹೆಚ್ಚಿದ್ದ ಊರಿಗೇ ಮೊದಲು ಘಟಕ ಎಂದೂ ಹೇಳಿದರು. "ಇಲ್ಲಿನವರ ಮಾತಿನ ಒಳಾರ್ಥ ನಮಗೆ ತಿಳಿಯುವುದಿಲ್ಲ, ಅದಕ್ಕೇ ನೀವು ಬೇಕು" ಎಂದು ನನ್ನನ್ನು ಆರಿಸಿದರು. ಎಷ್ಟು ಬೀಗಿದ್ದೆ ನಾನು! ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್.

ಪ್ರತಿಯೊಬ್ಬರನ್ನೂ ನೆಲಕ್ಕೆ ಕೂಡ್ರಿಸಿ ಎಬ್ಬಿಸಬೇಕು, ಗದ್ದ ಎದೆಗೆ ತಾಗುತ್ತದೆಯೇ, ಕೈ ತಲೆಯ ಹಿಂದಕ್ಕೆ ಹೋಗುತ್ತದೆಯೇ ನೋಡಬೇಕು — ಇಷ್ಟೇ ಕೆಲಸ. ಬೇರೆ ಊರುಗಳಲ್ಲಿ ಚಾಚೂ ತಪ್ಪದೆ ಮಾಡಿದೆ. ನಮ್ಮೂರಿಗೆ ಬಂದಾಗ — ಅಯ್ಯೋ, ನನ್ನನ್ನು ಎತ್ತಿ ಆಡಿಸಿದವರಿಗೆ ಕೂಡ್ರಿ, ಏಳ್ರಿ ಅನ್ನುವುದು ಹೇಗೆ? ಮೇಲಾಗಿ, ಇವರೆಲ್ಲ ನನಗೆ ಗೊತ್ತಿದ್ದವರೇ ಎಂಬ ಸೊಕ್ಕು. ಒಂದೊಂದು ಬಾಗಿಲಲ್ಲೂ ನಿಂತು "ಆರಾಮ ಅದೀರೇನ್ರಿ?" ಅಂದೆ. ನೀವು ಕೌದಿ ಹೊಲಿಯುತ್ತಿದ್ದಿರಿ. "ಆರಾಮ ಅದೀನಿ ಬೇಟಿ. ಬಾ, ಚಾ ಕುಡಿ."

ನಮ್ಮ ಕಡೆ ಹಾಗೆ ಕೇಳಿದರೆ ಬೇರೆ ಉತ್ತರವೇ ಇಲ್ಲ. ಜ್ವರದಲ್ಲಿ ಹಾಸಿಗೆ ಹಿಡಿದವರೂ ಮೊದಲು ಆರಾಮ ಅಂತಲೇ ಅನ್ನುತ್ತಾರೆ. ಪಕ್ಕದಲ್ಲಿ ಕೂತು ಮತ್ತೆ ಮತ್ತೆ ಕೇಳಿದರೆ ಆಮೇಲೆ ನೋವು ಹೊರಬರುತ್ತದೆ. ನನಗಿದು ಗೊತ್ತಿರಲಿಲ್ಲವೇ? ಇದು ಗೊತ್ತಿದೆ ಎಂದೇ ಅಲ್ಲವೇ ನನ್ನನ್ನು ಆರಿಸಿದ್ದು! ಚಹಾ ತರಲು ಏಳುವಾಗ ನೀವು ಗೋಡೆ ಹಿಡಿದಿರಿ. ಅದನ್ನೂ ನೋಡಿದೆ. ನೋಡಿಯೂ — ಟ್ಯಾಬಿನಲ್ಲಿ 'ತೊಂದರೆ ಇಲ್ಲ' ಎಂದು ಒತ್ತಿದೆ. ನಿಮಗೆ, ಎದುರುಮನೆಯವರಿಗೆ, ನನ್ನ ಹಡೆದವ್ವನಿಗೂ. ಘಟಕ ಪಕ್ಕದೂರಿಗೆ ಹೋಯಿತು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹೋದ ವರ್ಷದ ಸಭೆಯಲ್ಲಿ ಮೇಡಂ, ಸಮೀಕ್ಷೆ ಮಾಡಿದಾಗ ಯಾರಿಗೂ ನೋವಿರಲಿಲ್ಲ, ಈಗ ಊರೆಲ್ಲ ನೋವು ಅನ್ನುತ್ತಿದ್ದೀರಿ, ಯಾಕೆ ಎಂದು ಕೇಳಿದರು. ಎದ್ದು ನಿಂತವರು ನೀವು. "ತಪ್ಪು ನಮ್ಮದರಿ ಮೇಡಂ. ಈ ಹುಡುಗಿ ಮನಿಮನಿಗೆ ಬಂದು ಕೇಳ್ಯಾಳ. ನಾವ ಆರಾಮ ಅಂದೀವಿ."

ನಾನು ಮೇಡಂ ಪಕ್ಕದಲ್ಲೇ ಕೂತಿದ್ದೆ. ತಲೆ ತಗ್ಗಿಸಿ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ — 'ಮಾಹಿತಿ ನೀಡುವಲ್ಲಿ ಮಹಿಳೆಯರ ಹಿಂಜರಿಕೆ.' ನನ್ನ ಅಕ್ಷರದಲ್ಲೇ ಇದೆ, ಈಗಲೂ.

ಘಟಕ ಎಲ್ಲಿಗೆ ಎಂದು ಗೊತ್ತುಮಾಡುವ ಸಮಿತಿಯಲ್ಲಿ ಊರಿನ ಪ್ರತಿನಿಧಿ ನಾನೇ, ಖಾಲಾ. ಮಲ್ಲಮ್ಮ ತಂದ ಮಾಹಿತಿಯನ್ನು ಕಣ್ಣು ಮುಚ್ಚಿ ನಂಬಬಹುದು ಎಂದು ಮೇಡಂ ಎಲ್ಲರೆದುರು ಹೊಗಳುತ್ತಾರೆ, ನಾನು ನಗುತ್ತೇನೆ. ಹೇಳಿದರೆ ಕೆಲಸ ಹೋಗುತ್ತದೆ, ಅವರ ಅಷ್ಟು ವರ್ಷದ ಶ್ರಮಕ್ಕೂ ಮಸಿ. ಹೇಳದಿದ್ದರೆ ನಿಮ್ಮ ಕೊಡದಲ್ಲಿ ಅದೇ ನೀರು. ನೀವೀಗ ಕೌದಿ ಹೊಲಿಯುವುದನ್ನೇ ಬಿಟ್ಟಿದ್ದೀರಿ. ನಮಾಜನ್ನೂ ಕುರ್ಚಿಯ ಮೇಲೆ ಕೂತೇ ಮಾಡುತ್ತೀರಿ. ನನ್ನನ್ನು ಕಂಡರೆ ಇಂದಿಗೂ ಚಹಾಕ್ಕೆ ಕರೆಯುತ್ತೀರಿ. ಬರುವುದಿಲ್ಲ ಎನ್ನಲಾಗದೆ ಬಂದು, ಕುಡಿದು ಹೋಗುತ್ತೇನೆ.

ಮುಂದಿನ ಘಟಕ ಯಾವ ಊರಿಗೆ ಎಂದು ಗೊತ್ತುಮಾಡಲು ನಾಡಿದ್ದು ಮೇಡಂ ಬರುತ್ತಾರೆ. ಅವರೆದುರು ಇಷ್ಟನ್ನೂ ಹೇಳುತ್ತೇನೆ. ನಮ್ಮೂರನ್ನು ಮತ್ತೆ ಪರೀಕ್ಷಿಸಿ, ನನ್ನ ಕೈಯಿಂದ ಬೇಡ ಎನ್ನುತ್ತೇನೆ. ಆದರೆ ಮೊದಲು ನಿಮಗೆ. ಈ ಕಾಗದವನ್ನು ಬಾಗಿಲ ಸಂದಿಯಿಂದ ಹಾಕಿ ಓಡಿಬಿಡೋಣ ಅಂದುಕೊಂಡಿದ್ದೆ — ಥೂ, ಇದರಲ್ಲೂ ಕಳ್ಳತನ! ನಿಮಗೆ ಓದಲು ಬರುವುದಿಲ್ಲ. ಬೇರೆ ಯಾರಿಂದಲೋ ಓದಿಸಬೇಕಾಗುತ್ತದೆ. ಬೇಡ. ನಾಳೆ ನಾನೇ ಬಂದು, ನಿಮ್ಮ ಕುರ್ಚಿಯ ಮುಂದೆ ನೆಲಕ್ಕೆ ಕೂತು, ಮೊದಲ ಸಾಲಿನಿಂದ ಓದುತ್ತೇನೆ.